ಯಾರ ಕಿವಿಗೆ ಯಾವ ಮಾತು

ಆರು ಸೆಕೆಂಡಿನ ಒಂದು ಧ್ವನಿ ತುಣುಕು. ಅಂಗಳದಲ್ಲಿ ನಿಂತು ಮಾತಾಡಿದ್ದಿರಬೇಕು, ಹಿಂದೆಲ್ಲೋ ಆಡು ಕೂಗುವುದು ಕೇಳುತ್ತದೆ. ಹೆಂಗಸೊಬ್ಬರ ದನಿ: ‘ಅವ್ವ ಬಾನ ಮಾಡಿಟ್ಟಾಳ, ಉಂಡು ಹೋಗು.’ ಅದನ್ನು ಮೊಬೈಲಿನಲ್ಲಿ ಕೇಳಿ, ಕೇಳಿದ್ದನ್ನು ಕನ್ನಡದಲ್ಲಿ ಟೈಪ್ ಮಾಡಿ ಕಳಿಸುವುದು ನಾನು ಒಪ್ಪಿಕೊಂಡಿದ್ದ ಕೆಲಸ. ತುಣುಕಿಗೆ ಇಷ್ಟು ಎಂದು ಲೆಕ್ಕ. ನಾನು ಬೆಳೆದದ್ದು ಕೊಪ್ಪಳದ ಕಡೆ. ಬಾನ ಅಂದರೆ ಅನ್ನ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಟೈಪ್ ಮಾಡಿ ಕಳಿಸಿದೆ. ಪರದೆಯ ಮೇಲೆ ಕೆಂಪು ಗುರುತು ಬಂತು. ಸರಿಯುತ್ತರ ‘ಬಾಣ’ ಎಂದಿತ್ತು.

ಅದು ಪರೀಕ್ಷೆಯ ತುಣುಕಾಗಿತ್ತು. ಇಂಥ ಕೆಲಸಗಳಲ್ಲಿ ನಡುನಡುವೆ ಉತ್ತರ ಮೊದಲೇ ನಿಗದಿಯಾದ ಪ್ರಶ್ನೆಗಳನ್ನು ಬೆರೆಸಿರುತ್ತಾರೆ. ಕೆಲಸಗಾರ ಮನಸ್ಸಿಟ್ಟು ಕೇಳುತ್ತಿದ್ದಾನೋ, ಕಣ್ಣುಮುಚ್ಚಿ ಏನೋ ಒತ್ತುತ್ತಿದ್ದಾನೋ ಎಂದು ಪತ್ತೆಹಚ್ಚಲು ಅದೊಂದು ಉಪಾಯ. ಉತ್ತರವನ್ನು ಹೇಗೆ ನಿಗದಿ ಮಾಡಿದ್ದರು ಎಂಬುದು ಆಮೇಲೆ ತಿಳಿಯಿತು: ತುಣುಕನ್ನು ಮೂವರಿಗೆ ಕೇಳಿಸಿದ್ದರು, ಇಬ್ಬರು ‘ಬಾಣ’ ಎಂದು ಬರೆದಿದ್ದರು. ಹೀಗೇ ಇನ್ನೊಂದೆರಡು ತುಣುಕುಗಳಲ್ಲಿ ಆಗಿ ನನ್ನ ಅಂಕ ಇಳಿಯಿತು, ವಾರ ಕಳೆಯುವುದರೊಳಗೆ ಕೆಲಸ ಬರುವುದು ನಿಂತಿತು. ಹೋದ ದುಡ್ಡು ದೊಡ್ಡದಲ್ಲ. ಆದರೆ ಕಂಪ್ಯೂಟರಿಗೆ ಕನ್ನಡ ಕಲಿಸಲೆಂದು ಕೂಡಿಸುತ್ತಿದ್ದ ಆ ರಾಶಿಯಲ್ಲಿ ಯಾರೋ ಒಬ್ಬ ತಾಯಿ ಬಾಣ ಮಾಡಿಟ್ಟಿದ್ದಾಳೆ, ಅದನ್ನು ಮಗ ಉಂಡು ಹೋಗಬೇಕಾಗಿದೆ. ಇದು ಇವತ್ತಿಗೂ ನನ್ನನ್ನು ಕಾಡುತ್ತದೆ. ಬರೆದ ಇಬ್ಬರೂ ಸೋಮಾರಿಗಳಲ್ಲ. ಅವರ ಕಿವಿಗೆ ಆ ಮಾತು ಒಗ್ಗಿದ್ದಲ್ಲ, ಅಷ್ಟೆ. ತಪ್ಪಾದದ್ದು ಕೇಳಿದವರಲ್ಲಿ ಅಲ್ಲ, ಯಾವ ಮಾತನ್ನು ಯಾರ ಕಿವಿಗೆ ಕಳಿಸಬೇಕು ಎಂಬಲ್ಲಿ.

ದೊಡ್ಡ ಕೆಲಸವನ್ನು ಚಿಕ್ಕಚಿಕ್ಕ ಚೂರುಗಳಾಗಿ ಒಡೆದು, ಇಂಟರ್ನೆಟ್ಟಿನ ಮೂಲಕ ಗುರುತುಪರಿಚಯವಿಲ್ಲದ ಸಾವಿರಾರು ಜನರಿಗೆ ಹಂಚುವ ಪದ್ಧತಿಗೆ ಕ್ರೌಡ್‌ಸೋರ್ಸಿಂಗ್ ಎಂಬ ಹೆಸರು ಬಂದದ್ದು 2006ರಲ್ಲಿ, ಅಮೆರಿಕದ ಪತ್ರಕರ್ತ ಜೆಫ್ ಹೋ ಬರೆದ ಒಂದು ಲೇಖನದಿಂದ. ಅದಕ್ಕೆ ಒಂದು ವರ್ಷ ಮೊದಲೇ ಅಮೆಜಾನ್ ಕಂಪನಿ ‘ಮೆಕ್ಯಾನಿಕಲ್ ಟರ್ಕ್’ ಎಂಬ ಕೆಲಸದ ಸಂತೆಯನ್ನು ತೆರೆದಿತ್ತು. ಇವತ್ತಿನ ಕೃತಕ ಬುದ್ಧಿಮತ್ತೆಯ ಅಡಿಪಾಯದ ಕಲ್ಲುಗಳನ್ನು ಹೊತ್ತವರು ಇಂಥ ಸಂತೆಯ ಜನ. ಚಿತ್ರ ಗುರುತಿಸಲು ಯಂತ್ರಕ್ಕೆ ಕಲಿಸಿದ ‘ಇಮೇಜ್‌ನೆಟ್’ ಎಂಬ ಒಂದು ಕೋಟಿ ನಲವತ್ತು ಲಕ್ಷ ಚಿತ್ರಗಳ ಭಂಡಾರಕ್ಕಾಗಿ 167 ದೇಶಗಳ ಸುಮಾರು 49 ಸಾವಿರ ಜನ ಕೂತು ಚಿತ್ರಗಳನ್ನು ಗುರುತಿಸಿ ಬೇರ್ಪಡಿಸಿದ್ದಾರೆ. ಬೆಂಗಳೂರಿನ ‘ಕಾರ್ಯ’ ಸಂಸ್ಥೆಗಾಗಿ ಕರ್ನಾಟಕದ ಹಳ್ಳಿಗಳ ಜನ ಮೊಬೈಲ್ ಹಿಡಿದು ಕನ್ನಡದ ವಾಕ್ಯಗಳನ್ನು ಓದಿ ಕೊಟ್ಟಿದ್ದಾರೆ.

ಈ ಪದ್ಧತಿಯನ್ನು ಮೊದಮೊದಲು ನಡೆಸಿದವರ ನಂಬಿಕೆ ಸರಳವಾಗಿತ್ತು. ಯಾರಿಗೆ ಬೇಕಾದರೂ ಕೆಲಸ ಕೊಡು, ಒಂದೇ ಕೆಲಸವನ್ನು ಹಲವರಿಗೆ ಕೊಡು, ಬಹುಮತದ ಉತ್ತರ ತೆಗೆದುಕೊ. ಇದರ ಹಿಂದೆ ಹಳೆಯ ಗಣಿತವಿದೆ. 1785ರಲ್ಲಿ ಫ್ರಾನ್ಸಿನ ಕೊಂಡೊರ್ಸೆ ತೋರಿಸಿದ್ದು ಅದನ್ನೇ. ಒಬ್ಬೊಬ್ಬರೂ ನೂರಕ್ಕೆ 70 ಸಲ ಸರಿ ಹೇಳುವವರಾದರೆ, ಅಂಥ ಮೂವರ ಬಹುಮತ ನೂರಕ್ಕೆ 78 ಸಲ ಸರಿಯಾಗಿರುತ್ತದೆ, ಐವರದ್ದು ಸುಮಾರು 84 ಸಲ. ಜನ ಹೆಚ್ಚಿದಷ್ಟೂ ತಪ್ಪು ಕರಗುತ್ತಾ ಹೋಗುತ್ತದೆ. ಕೇಳಲು ಎಷ್ಟು ಹಿತ. ಆದರೆ ಅದೇ ಲೆಕ್ಕವನ್ನು 70ರ ಬದಲು 40 ಇಟ್ಟು ಮಾಡಿ ನೋಡಿ. ಮೂವರ ಬಹುಮತ 35ಕ್ಕೆ ಇಳಿಯುತ್ತದೆ. ಕೆಲಸ ಬಾರದವರ ಗುಂಪು ದೊಡ್ಡದಾದಷ್ಟೂ ತಪ್ಪು ಗಟ್ಟಿಯಾಗುತ್ತದೆ. ನನ್ನ ‘ಬಾನ’ಕ್ಕೆ ಆದದ್ದು ಇದೇ. ಇನ್ನೂ ನೂರು ಜನ ದಕ್ಷಿಣ ಕರ್ನಾಟಕದವರಿಗೆ ಕೇಳಿಸಿದ್ದರೆ ‘ಬಾಣ’ಕ್ಕೆ ಇನ್ನಷ್ಟು ಮತ ಬೀಳುತ್ತಿತ್ತು.

ಕೊಂಡೊರ್ಸೆಯ ಲೆಕ್ಕಕ್ಕೆ ಇನ್ನೊಂದು ಷರತ್ತಿದೆ, ಅದನ್ನು ಜನ ಬೇಗ ಮರೆಯುತ್ತಾರೆ: ಒಬ್ಬೊಬ್ಬರ ತಪ್ಪು ಅವರವರದೇ ಆಗಿರಬೇಕು, ಎಲ್ಲರೂ ಒಂದೇ ಕಡೆ ವಾಲಬಾರದು. 2007ರಲ್ಲಿ ಬ್ರಿಟನ್ನಿನ ಖಗೋಳ ವಿಜ್ಞಾನಿಗಳು ‘ಗ್ಯಾಲಕ್ಸಿ ಝೂ’ ಎಂಬ ಯೋಜನೆ ಆರಂಭಿಸಿ, ಸುಮಾರು ಒಂಬತ್ತು ಲಕ್ಷ ಗೆಲಾಕ್ಸಿಗಳ ಚಿತ್ರಗಳನ್ನು ಸಾರ್ವಜನಿಕರ ಮುಂದಿಟ್ಟರು. ಇದು ಸುರುಳಿಯೋ, ಅಂಡಾಕಾರವೋ, ಸುರುಳಿಯಾದರೆ ಯಾವ ಕಡೆ ಸುತ್ತಿದೆ ಎಂಬುದೇ ಪ್ರಶ್ನೆ. ಒಂದು ಲಕ್ಷಕ್ಕೂ ಹೆಚ್ಚು ಜನ ನಾಲ್ಕು ಕೋಟಿಗೂ ಮೀರಿ ಉತ್ತರ ಕೊಟ್ಟರು. ಅಪ್ರದಕ್ಷಿಣವಾಗಿ ಸುತ್ತಿದ ಗೆಲಾಕ್ಸಿಗಳೇ ಹೆಚ್ಚು ಎಂದು ಲೆಕ್ಕ ಬಂತು. ವಿಶ್ವಕ್ಕೇ ಒಂದು ಒಲವಿದೆ ಎಂದು ಯಾರಾದರೂ ಹಿಗ್ಗುವಂಥ ಮಾತು! ವಿಜ್ಞಾನಿಗಳು ಹಿಗ್ಗಲಿಲ್ಲ. ಅದೇ ಚಿತ್ರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮತ್ತೆ ಕೊಟ್ಟರು. ಆಗಲೂ ಅಪ್ರದಕ್ಷಿಣವೇ ಹೆಚ್ಚು ಬಂತು. ಒಲವಿದ್ದದ್ದು ಆಕಾಶದಲ್ಲಲ್ಲ, ಮನುಷ್ಯರು ನೋಡುವ ರೀತಿಯಲ್ಲಿ. ಲಕ್ಷ ಜನ ಒಟ್ಟಾಗಿ ಒಂದೇ ಕಡೆ ವಾಲಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಹಾಗಾದರೆ ಯಾರಿಗೆ ಏನು ಬರುತ್ತದೆ ಎಂದು ತಿಳಿಯುವುದು ಹೇಗೆ? ಸಾಮಾನ್ಯವಾಗಿ ಎಲ್ಲ ಕಡೆ ಒಂದು ಅಂಕ ಇಡುತ್ತಾರೆ. ನೂರಕ್ಕೆ 80, ನೂರಕ್ಕೆ 92, ಹೀಗೆ. ಆ ಒಂದು ಅಂಕ ಎಷ್ಟನ್ನು ಮುಚ್ಚಿಡುತ್ತದೆ ಎಂಬುದನ್ನು ನಾವೆಲ್ಲ ಬಲ್ಲ ಎರಡು ಮಾತುಗಳಲ್ಲೇ ನೋಡೋಣ.

ಹಕ್ಕಿ ಮತ್ತು ಅಕ್ಕಿ. ಹತ್ತು ಧ್ವನಿ ತುಣುಕುಗಳಲ್ಲಿ ‘ಹಕ್ಕಿ’ ಇದೆ, ಇನ್ನು ಹತ್ತರಲ್ಲಿ ‘ಅಕ್ಕಿ’. ಇಬ್ಬರು ಕೇಳುಗರು ಇದ್ದಾರೆ ಅಂದುಕೊಳ್ಳಿ. ಮೊದಲನೆಯವರ ಮನೆಮಾತಿನಲ್ಲಿ ಹಕಾರ ಅಷ್ಟಾಗಿ ನಿಲ್ಲುವುದಿಲ್ಲ. ‘ಅಕ್ಕಿ’ಯ ಹತ್ತನ್ನೂ ಅವರು ಸರಿಯಾಗಿ ಬರೆಯುತ್ತಾರೆ, ‘ಹಕ್ಕಿ’ಯ ಹತ್ತರಲ್ಲಿ ಆರು ಮಾತ್ರ ಸರಿ, ನಾಲ್ಕನ್ನು ‘ಅಕ್ಕಿ’ ಎಂದು ಬರೆಯುತ್ತಾರೆ. ಎರಡನೆಯವರು ಆ ಕಡೆ ಎರಡು, ಈ ಕಡೆ ಎರಡು ತಪ್ಪು ಮಾಡುತ್ತಾರೆ. ಇಪ್ಪತ್ತಕ್ಕೆ ಇಬ್ಬರದ್ದೂ 16, ಅಂದರೆ ನೂರಕ್ಕೆ 80. ಅಂಕದ ಪಟ್ಟಿಯಲ್ಲಿ ಇಬ್ಬರೂ ಅಕ್ಕಪಕ್ಕ. ಆದರೆ ಮೊದಲನೆಯವರು ‘ಹಕ್ಕಿ’ ಎಂದು ಬರೆದರೆ ಕಣ್ಣುಮುಚ್ಚಿ ನಂಬಬಹುದು, ಆ ಆರಕ್ಕೆ ಆರೂ ಸರಿ. ಅವರು ‘ಅಕ್ಕಿ’ ಎಂದು ಬರೆದ ಹದಿನಾಲ್ಕರಲ್ಲಿ ಹತ್ತು ಮಾತ್ರ ಸರಿ. ಅಲ್ಲಿ ಇನ್ನೊಬ್ಬರನ್ನು ಕೇಳಬೇಕು. ಎರಡನೆಯವರು ಏನೇ ಬರೆದರೂ ಐದಕ್ಕೆ ನಾಲ್ಕು ಸಲ ಸರಿ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಒಬ್ಬ ಮನುಷ್ಯನನ್ನು ಅರಿಯಬೇಕಾದರೆ ಎಷ್ಟು ತಪ್ಪಿದ ಎಂಬುದಕ್ಕಿಂತ ಯಾವುದನ್ನು ಯಾವುದಾಗಿ ತಪ್ಪಿದ ಎಂದು ನೋಡಬೇಕು. ಸದಾ ತಿರುಗುಮುರುಗಾಗಿ ಹೇಳುವವನೊಬ್ಬ ಸಿಕ್ಕಿದರೂ ಅವನು ಉಪಯೋಗಕ್ಕೆ ಬರುತ್ತಾನೆ, ಅವನ ಉತ್ತರವನ್ನು ಮಗುಚಿ ಹಾಕಿದರಾಯಿತು. ನಿಜಕ್ಕೂ ಏನೂ ಹೇಳದವನು ನಾಣ್ಯ ಚಿಮ್ಮಿ ಉತ್ತರಿಸುವವನೊಬ್ಬನೇ.

ಈ ಹೊಳಹು ಇಂಟರ್ನೆಟ್ಟಿಗಿಂತ ಹಳೆಯದು, ಅದು ಹುಟ್ಟಿದ್ದು ವೈದ್ಯಕೀಯದ ಒಂದು ಸಮಸ್ಯೆಯಿಂದ. 1979ರಲ್ಲಿ ಡೇವಿಡ್ ಮತ್ತು ಸ್ಕೀನ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರ ಮುಂದೆ 45 ರೋಗಿಗಳ ಮಾಹಿತಿ ಇತ್ತು. ಐವರು ಅರಿವಳಿಕೆ ತಜ್ಞರು ಒಬ್ಬೊಬ್ಬ ರೋಗಿಯೂ ಅರಿವಳಿಕೆ ತಡೆದುಕೊಳ್ಳಲು ಎಷ್ಟು ಯೋಗ್ಯ ಎಂದು ಒಂದರಿಂದ ನಾಲ್ಕರವರೆಗೆ ಅಂಕ ಕೊಟ್ಟಿದ್ದರು. ಅಂಕಗಳು ಎಲ್ಲ ಕಡೆ ಹೊಂದುತ್ತಿರಲಿಲ್ಲ. ನಿಜವಾದ ಉತ್ತರ ಯಾವ ಪುಸ್ತಕದಲ್ಲೂ ಇಲ್ಲ. ಅವರು ಹಿಡಿದ ದಾರಿ ಹೀಗಿದೆ. ಮೊದಲು ಎಲ್ಲರ ಅಂಕಗಳನ್ನು ಸೇರಿಸಿ ಒಂದು ಅಂದಾಜಿನ ಉತ್ತರಪಟ್ಟಿ ಮಾಡು. ಆ ಪಟ್ಟಿಯನ್ನು ಸದ್ಯಕ್ಕೆ ಸರಿ ಎಂದುಕೊಂಡು ಒಬ್ಬೊಬ್ಬ ವೈದ್ಯರೂ ಯಾವುದನ್ನು ಯಾವುದಾಗಿ ತಪ್ಪುತ್ತಾರೆ ಎಂದು ಅಳೆ. ಈಗ ಆ ಅಳತೆಯ ಪ್ರಕಾರ ಅವರವರ ಮಾತಿಗೆ ತೂಕ ಕೊಟ್ಟು ಉತ್ತರಪಟ್ಟಿಯನ್ನು ತಿದ್ದು. ತಿದ್ದಿದ ಪಟ್ಟಿಯಿಂದ ವೈದ್ಯರನ್ನು ಮತ್ತೆ ಅಳೆ. ಹೀಗೆ ಅಳೆದು ತಿದ್ದುತ್ತಾ ಹೋದರೆ ಒಂದು ಹಂತದಲ್ಲಿ ಎರಡೂ ಅಲುಗಾಡದೆ ನಿಲ್ಲುತ್ತವೆ. ಉತ್ತರವೂ ಸಿಕ್ಕಿತು, ಉತ್ತರಿಸಿದವರ ಪರಿಚಯವೂ ಆಯಿತು. ಉತ್ತರಪತ್ರಿಕೆ ಕೈಯಲ್ಲಿಲ್ಲದ ಮೇಷ್ಟರು ಮಕ್ಕಳ ಉತ್ತರಗಳನ್ನೇ ಒಂದಕ್ಕೊಂದು ತಾಳೆ ನೋಡಿ ಪಾಠವನ್ನೂ ಮಕ್ಕಳನ್ನೂ ಒಟ್ಟಿಗೆ ಅರಿತುಕೊಂಡ ಹಾಗೆ.

ಮೊದಲ ಸಲ ಇದನ್ನು ಓದಿದಾಗ ನನ್ನ ‘ಬಾನ’ಕ್ಕೆ ನ್ಯಾಯ ಸಿಕ್ಕಿತು ಎಂದುಕೊಂಡೆ. ಸಿಗುವುದಿಲ್ಲ. ಈ ವಿಧಾನದ ಮೊದಲ ಹೆಜ್ಜೆಯೇ ಹೆಚ್ಚುಕಡಿಮೆ ಬಹುಮತ. ಕಲ್ಯಾಣ ಕರ್ನಾಟಕದ ಮಾತಿನ ತುಣುಕುಗಳನ್ನೆಲ್ಲ ಮೂವರಲ್ಲಿ ಇಬ್ಬರು ಹೊರಗಿನವರೇ ಕೇಳಿದ್ದರೆ, ಆರಂಭದ ಪಟ್ಟಿ ತಪ್ಪಿರುತ್ತದೆ. ಆ ಪಟ್ಟಿಯಿಂದ ಅಳೆದರೆ ಸರಿಯಾಗಿ ಕೇಳಿದ ಒಬ್ಬನೇ ಕಳಪೆ ಕೆಲಸಗಾರ. ಅವನ ತೂಕ ಇಳಿಯುತ್ತದೆ, ತಪ್ಪು ಇನ್ನಷ್ಟು ಭದ್ರವಾಗುತ್ತದೆ. ಸುತ್ತು ಎಷ್ಟು ಸಲ ತಿರುಗಿದರೂ ಹೊರಬರುವ ಬಾಗಿಲಿಲ್ಲ. ಹೊರಬರಬೇಕಾದರೆ ಲೆಕ್ಕದ ಆಚೆಯಿಂದ ಏನಾದರೂ ಒಳಗೆ ಬರಬೇಕು: ಯಾವ ತುಣುಕು ಯಾವ ಕಡೆಯದು, ಕೇಳುವವರು ಯಾವ ಕಡೆಯವರು, ಆ ಸೀಮೆಯವರೇ ಒಪ್ಪಿದ ಕೆಲವು ಉತ್ತರಗಳು. ಅಷ್ಟು ಗೊತ್ತಾದರೆ ಒಬ್ಬ ಮನುಷ್ಯನಿಗೆ ಒಂದು ಅಂಕದ ಬದಲು ಹಲವು ಅಂಕ ಇಡಬಹುದು: ಕಲಬುರಗಿಯ ಮಾತಿಗೆ ಒಂದು, ಸುದ್ದಿವಾಚಕರ ಕನ್ನಡಕ್ಕೆ ಒಂದು, ಸಂತೆಯ ಗದ್ದಲದಲ್ಲಿ ಆಡಿದ್ದಕ್ಕೆ ಇನ್ನೊಂದು.

ಕೆಲಸಗಾರನನ್ನು ಅಳೆದಷ್ಟೇ ಶ್ರದ್ಧೆಯಿಂದ ಕೆಲಸವನ್ನೂ ಅಳೆಯಬೇಕು. ಈ ಮಾತನ್ನು ಗಣಿತದಲ್ಲಿ ಕೂರಿಸಿದವರು ಡೆನ್ಮಾರ್ಕಿನ ಜಾರ್ಜ್ ರಾಶ್. ಶಾಲಾ ಮಕ್ಕಳ ಓದುವ ಪರೀಕ್ಷೆಗಳ ಮೇಲೆ ಕೆಲಸ ಮಾಡುತ್ತಾ ಅವರು 1960ರಲ್ಲಿ ಪ್ರಕಟಿಸಿದ ಸೂತ್ರ ಕೇಳುವುದು ಎರಡನ್ನು ಮಾತ್ರ: ಮಗುವಿನ ಸಾಮರ್ಥ್ಯ ಎಷ್ಟು, ಪ್ರಶ್ನೆಯ ಕಷ್ಟ ಎಷ್ಟು. ಎರಡನ್ನೂ ಒಂದೇ ಅಳತೆಗೋಲಿನ ಮೇಲೆ ಗುರುತಿಸಿ ಅಂತರ ನೋಡಬೇಕು. ಎರಡೂ ಸಮನಾಗಿದ್ದರೆ ಸರಿಯುತ್ತರದ ಸಾಧ್ಯತೆ ನೂರಕ್ಕೆ 50. ಸಾಮರ್ಥ್ಯ ಒಂದು ಮೆಟ್ಟಿಲು ಮೇಲಿದ್ದರೆ 73, ಎರಡು ಮೆಟ್ಟಿಲಾದರೆ 88. ಒಂದು ಮೆಟ್ಟಿಲು ಕೆಳಗಿದ್ದರೆ 27.

ಇದರಲ್ಲಿ ಒಂದು ಸೂಕ್ಷ್ಮವಿದೆ. ಒಬ್ಬರ ಸಾಮರ್ಥ್ಯ ಎಷ್ಟು ಎಂದು ತಿಳಿಯಲು ಅತಿ ಹೆಚ್ಚು ನೆರವಾಗುವುದು ಅರ್ಧಕ್ಕರ್ಧ ತಪ್ಪುವಂಥ ಪ್ರಶ್ನೆ. ಖಂಡಿತ ಬರುವ ಪ್ರಶ್ನೆಯಿಂದಾಗಲಿ, ಖಂಡಿತ ಬಾರದ ಪ್ರಶ್ನೆಯಿಂದಾಗಲಿ ಹೊಸದೇನೂ ತಿಳಿಯುವುದಿಲ್ಲ. ಆದರೆ ಒಳ್ಳೆಯ ಕೆಲಸ ಬೇಕಾದಾಗ ಕೊಡಬೇಕಾದದ್ದು ಒಂದೆರಡು ಮೆಟ್ಟಿಲು ಕೆಳಗಿನದನ್ನು. ಮನುಷ್ಯನನ್ನು ಅರಿಯುವ ಕೆಲಸ ಬೇರೆ, ಅವನಿಂದ ಕೆಲಸ ಪಡೆಯುವುದು ಬೇರೆ. ಎರಡನ್ನೂ ಒಂದೇ ತುಣುಕಿನಲ್ಲಿ ಸಾಧಿಸಲು ಹೋದ ಕಡೆ ಅನ್ಯಾಯ ಆಗುತ್ತದೆ. ಪರೀಕ್ಷೆಗೆಂದು ಕೊಟ್ಟ ಕಷ್ಟದ ತುಣುಕಿನಲ್ಲಿ ತಪ್ಪಿದವನಿಗೆ ಕೂಲಿ ಕತ್ತರಿಸುವುದು ಎಷ್ಟೋ ಕಡೆ ನಡೆಯುತ್ತದೆ, ಅದು ಕೂಡದು.

ಕೆಲಸಕ್ಕೂ ಕೆಲಸಗಾರನಿಗೂ ಹೊಂದಿಸಿ ಕೊಡುವುದನ್ನು ನಾನು ಕಂಡ ಹಾಗೆ ಅತ್ಯಂತ ಪ್ರೀತಿಯಿಂದ ಮಾಡಿರುವುದು ‘ಗ್ರಾವಿಟಿ ಸ್ಪೈ’ ಯೋಜನೆಯಲ್ಲಿ. ಗುರುತ್ವದ ಅಲೆಗಳನ್ನು 2015ರ ಸೆಪ್ಟೆಂಬರಿನಲ್ಲಿ ಮೊದಲ ಬಾರಿ ಹಿಡಿದ ಅಮೆರಿಕದ ಲೈಗೋ ಯಂತ್ರಗಳು ಎಷ್ಟು ಸೂಕ್ಷ್ಮವೆಂದರೆ, ಅವುಗಳಿಗೆ ಅಲೆಯ ಜೊತೆಗೆ ನೂರೆಂಟು ಸದ್ದುಗಳೂ ಕೇಳುತ್ತವೆ. ಈ ಹುಸಿ ಸದ್ದುಗಳಿಗೆ ‘ಗ್ಲಿಚ್’ ಎನ್ನುತ್ತಾರೆ. ಯಾವ ಗ್ಲಿಚ್ ಎಲ್ಲಿಂದ ಬಂತೆಂದು ಪತ್ತೆಯಾಗದೆ ಯಂತ್ರ ಶುದ್ಧವಾಗದು. ಒಂದೊಂದು ಗ್ಲಿಚ್ಚನ್ನೂ ಕಾಲ ಮತ್ತು ಕಂಪನದ ಬಣ್ಣದ ಚಿತ್ರವಾಗಿ ಮಾಡಿ 2016ರಿಂದ ಸಾರ್ವಜನಿಕರ ಮುಂದಿಡುತ್ತಿದ್ದಾರೆ.

ಹೊಸಬರಿಗೆ ಅಲ್ಲಿ ಇಪ್ಪತ್ತು ಬಗೆಯನ್ನು ಒಟ್ಟಿಗೆ ತೋರಿಸಿ ಕಂಗೆಡಿಸುವುದಿಲ್ಲ. ಮೊದಲ ಹಂತದಲ್ಲಿ ಎರಡೇ ಬಗೆ: ‘ಬ್ಲಿಪ್’ ಮತ್ತು ‘ವಿಸಲ್’. ಬ್ಲಿಪ್ ನೆಟ್ಟಗೆ ನಿಂತ ಸಣ್ಣ ಕಣ್ಣೀರಿನ ಹನಿಯ ಹಾಗೆ, ವಿಸಲ್ ಬಾಗಿದ ಗೆರೆಯ ಹಾಗೆ. ಒಂದನ್ನು ಬಲ್ಲವನು ಇನ್ನೊಂದನ್ನು ತಪ್ಪುವುದು ಅಪರೂಪ. ಎರಡೂ ಅಲ್ಲದ್ದು ಬಂದರೆ ‘ಇವೆರಡೂ ಅಲ್ಲ’ ಎನ್ನುವ ಸ್ವಾತಂತ್ರ್ಯವೂ ಇದೆ. ಯಂತ್ರವೇ ಮೊದಲು ಒಂದು ಸುತ್ತು ಎಲ್ಲ ಚಿತ್ರಗಳನ್ನು ನೋಡಿರುತ್ತದೆ. ಅದಕ್ಕೆ ಗಟ್ಟಿಯಾಗಿ ಗೊತ್ತಾದವು ಹೊಸಬರಿಗೆ ಹೋಗುತ್ತವೆ, ಅದು ತಡವರಿಸಿದವು ಪಳಗಿದವರ ಪಾಲಿಗೆ. ಒಬ್ಬರು ಒಂದು ಬಗೆಯಲ್ಲಿ ನಿಖರವಾದಂತೆ ಮುಂದಿನ ಹಂತ ತೆರೆಯುತ್ತದೆ, ಅಲ್ಲಿ ಇನ್ನಷ್ಟು ಬಗೆಗಳು. ಕೆಲಸವೇ ಪಾಠ, ಪಾಠವೇ ಕೆಲಸ. ಮೇಲಿನ ಹಂತ ತಲುಪಿದವರು ಯಾವ ಪಟ್ಟಿಗೂ ಸೇರದ ಆಕಾರಗಳನ್ನು ಹೆಕ್ಕಿ ಹೊಸ ಬಗೆಗಳನ್ನೇ ಕಂಡುಹಿಡಿದರು. ‘ಪೇರ್ಡ್ ಡವ್ಸ್’ ಅಂದರೆ ಜೋಡಿ ಪಾರಿವಾಳ ಎಂದು ಹೆಸರಾದ ಗ್ಲಿಚ್ ಹಾಗೆ ಸಾಮಾನ್ಯರ ಕಣ್ಣಿಗೆ ಬಿದ್ದದ್ದು. ಅವರಿಗೆ ಮೊದಲ ದಿನವೇ ಕಷ್ಟದ ಚಿತ್ರಗಳನ್ನು ಕೊಟ್ಟಿದ್ದರೆ ಬೇಸತ್ತು ಎದ್ದುಹೋಗುತ್ತಿದ್ದರು; ಎರಡು ವರ್ಷ ಬ್ಲಿಪ್ಪನ್ನೇ ಕೊಟ್ಟಿದ್ದರೂ ಅಷ್ಟೆ.

ಇನ್ನೊಂದು ದಾರಿ ಹಿಡಿದವರೂ ಇದ್ದಾರೆ. ಕೆಲಸ ಕೊಡುವ ಮೊದಲೇ ಮನಸ್ಸಿನ ಕೆಲವು ಕಸುವುಗಳನ್ನು ಅಳೆದು, ಅದಕ್ಕೆ ತಕ್ಕ ಕೆಲಸ ಹಂಚುವುದು. 1935ರಲ್ಲಿ ಜಾನ್ ರಿಡ್ಲಿ ಸ್ಟ್ರೂಪ್ ಪ್ರಕಟಿಸಿದ ಪ್ರಸಿದ್ಧ ಪರೀಕ್ಷೆಯನ್ನು ಕನ್ನಡದಲ್ಲೇ ಮಾಡಿ ನೋಡಬಹುದು. ‘ಕೆಂಪು’ ಎಂಬ ಪದವನ್ನು ನೀಲಿ ಶಾಯಿಯಲ್ಲಿ ಬರೆಯಿರಿ, ‘ಹಸಿರು’ ಎಂಬುದನ್ನು ಕೆಂಪು ಶಾಯಿಯಲ್ಲಿ. ಈಗ ಪದವನ್ನು ಓದದೆ ಶಾಯಿಯ ಬಣ್ಣ ಹೇಳಿ. ನಾಲಿಗೆ ತೊದಲುತ್ತದೆ. ಕನ್ನಡ ಓದಲು ಬಾರದವರಿಗೆ ತೊದಲುವ ಕಾರಣವೇ ಇಲ್ಲ. ಓದು ಎಷ್ಟು ರಕ್ತಗತವಾಗಿದೆ, ಅದನ್ನು ಬದಿಗಿಡುವ ಹಿಡಿತ ಎಷ್ಟಿದೆ ಎಂಬುದು ಕೆಲವು ನಿಮಿಷಗಳಲ್ಲಿ ಗೊತ್ತಾಗುತ್ತದೆ. ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ‘ಕ್ರೌಡ್‌ಕಾಗ್’ ವ್ಯವಸ್ಥೆಯಲ್ಲಿ ಇಂಥ ಪುಟ್ಟ ಪರೀಕ್ಷೆಗಳನ್ನು ಕೆಲಸಗಾರರಿಗೆ ಕೊಟ್ಟು, ಅದರ ಆಧಾರದ ಮೇಲೆ ಎಣಿಸುವ ಕೆಲಸ, ಅಕ್ಷರದೋಷ ಹುಡುಕುವ ಕೆಲಸ ಮುಂತಾದವನ್ನು ಹಂಚಿದರು. ಹೀಗೆ ಹೊಂದಿಸಿ ಕೊಟ್ಟಾಗ ಕೆಲಸದ ಗುಣಮಟ್ಟ ಏರಿತು.

ಫಲ ನಿಜ. ಆದರೂ ನನಗೆ ಈ ದಾರಿಯ ಬಗ್ಗೆ ಅಳುಕಿದೆ. ರಾತ್ರಿ ಹನ್ನೊಂದಕ್ಕೆ, ಮಗುವನ್ನು ಮಲಗಿಸಿ, ಸಿಗ್ನಲ್ ಹೋಗಿಬಂದು ಮಾಡುವ ಮೊಬೈಲಿನಲ್ಲಿ ಒಬ್ಬಾಕೆ ಪರೀಕ್ಷೆ ಬರೆದರೆ ಅದು ಅಳೆಯುವುದು ಅವರ ಬುದ್ಧಿಯನ್ನೋ, ದಣಿವನ್ನೋ? ಮನಸ್ಸಿನ ಅಳತೆ ಒಮ್ಮೆ ದಾಖಲಾದರೆ ಅದನ್ನು ಯಾರು ಇಟ್ಟುಕೊಳ್ಳುತ್ತಾರೆ, ಬೇರೆ ಯಾವುದಕ್ಕೆ ಬಳಸುತ್ತಾರೆ? ಮಾಡಿದ ಕೆಲಸದಿಂದ ಮನುಷ್ಯನನ್ನು ಅರಿಯುವುದು ನಿಧಾನ, ಆದರೆ ಅಲ್ಲಿ ಅವನಿಗೆ ತಿದ್ದಿಕೊಳ್ಳಲು ದಿನವೂ ಅವಕಾಶವಿದೆ. ಒಲವನ್ನು ನೋಡಿ ಹಂಚುವುದು ಇನ್ನೂ ಹಗುರ. ವಿಕಿಪೀಡಿಯಾದಲ್ಲಿ ‘ಸಜೆಸ್ಟ್‌ಬಾಟ್’ ಎಂಬ ಪುಟ್ಟ ಪ್ರೋಗ್ರಾಂ, ಒಬ್ಬರು ಹಿಂದೆ ತಿದ್ದಿದ ಲೇಖನಗಳನ್ನು ನೋಡಿ, ಅದಕ್ಕೆ ಹತ್ತಿರದ, ಕೆಲಸ ಬಾಕಿಯಿರುವ ಲೇಖನಗಳನ್ನು ಸೂಚಿಸುತ್ತದೆ. ಗೊತ್ತುಗುರಿಯಿಲ್ಲದೆ ಆಯ್ದು ಸೂಚಿಸಿದ್ದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಸಲ ಜನ ಆ ಲೇಖನಗಳಿಗೆ ಕೈಹಾಕಿದರು ಎಂದು 2007ರ ಅಧ್ಯಯನ ಹೇಳುತ್ತದೆ. ಯಾರನ್ನೂ ಪರೀಕ್ಷೆಗೆ ಕೂರಿಸಲಿಲ್ಲ.

ಸರಿ, ಯಾರಿಗೆ ಏನು ಬರುತ್ತದೆ ಎಂದು ಗೊತ್ತಾಯಿತು ಅಂದುಕೊಳ್ಳೋಣ. ಇನ್ನು ಹಂಚುವುದೇನು ಮಹಾ, ಯಾರು ಯಾವುದರಲ್ಲಿ ಗಟ್ಟಿಯೋ ಅದನ್ನು ಅವರಿಗೆ ಕೊಟ್ಟರಾಯಿತು ಎನ್ನಿಸುತ್ತದೆ. ಕೊಡಲಾಗುವುದಿಲ್ಲ. ಒಬ್ಬರು ಹುಬ್ಬಳ್ಳಿಯವರು, ಸುದ್ದಿ ಕನ್ನಡವನ್ನು ನೂರಕ್ಕೆ 95 ಸರಿ ಬರೆಯುತ್ತಾರೆ, ಕಲಬುರಗಿಯ ಮಾತನ್ನು 90. ಇನ್ನೊಬ್ಬರು ಮಂಡ್ಯದವರು, ಸುದ್ದಿ 90, ಕಲಬುರಗಿ 50. ಎರಡು ರಾಶಿ ಕೆಲಸವಿದೆ, ಒಬ್ಬೊಬ್ಬರಿಗೆ ಒಂದು ರಾಶಿ. ಹುಬ್ಬಳ್ಳಿಯವರು ಸುದ್ದಿಯಲ್ಲಿ ಎಲ್ಲರಿಗಿಂತ ಗಟ್ಟಿ ಎಂದು ಅದನ್ನೇ ಅವರಿಗೆ ಕೊಟ್ಟರೆ ಒಟ್ಟು 95 ಮತ್ತು 50, ಅಂದರೆ 145. ಅದಲುಬದಲು ಮಾಡಿದರೆ 90 ಮತ್ತು 90, ಒಟ್ಟು 180. ಒಬ್ಬ ಮನುಷ್ಯ ಅತಿ ಚೆನ್ನಾಗಿ ಮಾಡುವ ಕೆಲಸವನ್ನು ಅವನಿಗೆ ಕೊಡದೆ ಇರುವುದೇ ಕೆಲವೊಮ್ಮೆ ಸರಿ, ಏಕೆಂದರೆ ಅವನು ಮಾಡುವ ಇನ್ನೊಂದು ಕೆಲಸವನ್ನು ಬೇರೆ ಯಾರೂ ಮಾಡಲಾರರು.

ಇಬ್ಬರಾದರೆ ಬೆರಳಲ್ಲಿ ಎಣಿಸಬಹುದು. ಹತ್ತು ಜನ, ಹತ್ತು ಕೆಲಸ ಆದರೆ ಹಂಚುವ ಬಗೆಗಳು 36,28,800. ಇಪ್ಪತ್ತಾದರೆ ಎರಡರ ಮುಂದೆ ಹದಿನೆಂಟು ಸೊನ್ನೆ ಹಾಕಿದ ಸಂಖ್ಯೆಯನ್ನೂ ದಾಟುತ್ತದೆ. ಎಲ್ಲವನ್ನೂ ಎಣಿಸದೆ ಅತ್ಯುತ್ತಮವಾದುದನ್ನು ಹೆಕ್ಕುವ ದಾರಿಯನ್ನು 1955ರಲ್ಲಿ ಪ್ರಕಟಿಸಿದವರು ಅಮೆರಿಕದ ಹೆರಾಲ್ಡ್ ಕೂನ್. ಅದರ ಬೀಜ ಅವರಿಗೆ ಸಿಕ್ಕಿದ್ದು ಎಗರ್ವಾರಿ ಎಂಬ ಗಣಿತಜ್ಞ 1931ರಲ್ಲಿ ಹಂಗೇರಿಯನ್ ಭಾಷೆಯಲ್ಲಿ ಬರೆದ ಪ್ರಬಂಧದಲ್ಲಿ. ಕೂನ್‌ಗೆ ಆ ಭಾಷೆ ಬರುತ್ತಿರಲಿಲ್ಲ. ಒಂದು ನಿಘಂಟು, ಒಂದು ವ್ಯಾಕರಣದ ಪುಸ್ತಕ ಇಟ್ಟುಕೊಂಡು ತಾವೇ ಅದನ್ನು ಅನುವಾದಿಸಿಕೊಂಡರು. ಕಂಡುಕೊಂಡ ವಿಧಾನಕ್ಕೆ ತಮ್ಮ ಹೆಸರಿಡದೆ ‘ಹಂಗೇರಿಯನ್ ವಿಧಾನ’ ಎಂದು ಕರೆದರು. ಒಂದು ಭಾಷೆಯಲ್ಲಿ ಬರೆದಿಟ್ಟ ತಿಳಿವಳಿಕೆ ಆ ಭಾಷೆ ಬಾರದವರ ಮುಂದೆ ಹೇಗೆ ಕಾದು ಕೂತಿರುತ್ತದೆ ಎಂಬುದು ಕನ್ನಡದಲ್ಲಿ ವಿಜ್ಞಾನ ಬರೆಯುವ ನನಗೆ ಆ ಕತೆ ಓದಿದಾಗಲೆಲ್ಲ ನಾಟುತ್ತದೆ.

ಈ ವಿಧಾನಕ್ಕೆ ಜನರೂ ಕೆಲಸಗಳೂ ಮೊದಲೇ ಗೊತ್ತಿರಬೇಕು. ಆದರೆ ಕೆಲಸದ ಸಂತೆಯಲ್ಲಿ ಜನ ಹೇಳಿಕೇಳಿ ಬರುವುದಿಲ್ಲ. ಒಬ್ಬರು ಹತ್ತು ತುಣುಕು ಮಾಡಿ ಎದ್ದುಹೋಗುತ್ತಾರೆ, ಇನ್ನೊಬ್ಬರು ಈಗಷ್ಟೇ ಬಂದಿದ್ದಾರೆ, ಅವರ ಬಗ್ಗೆ ಏನೂ ಗೊತ್ತಿಲ್ಲ. ಗೊತ್ತಿರುವವರಿಗೇ ಕೊಡುತ್ತಾ ಹೋದರೆ ಹೊಸಬರು ಏನು ಬಲ್ಲರೆಂದು ಎಂದಿಗೂ ತಿಳಿಯದು. 1933ರಲ್ಲಿ ವಿಲಿಯಂ ಥಾಂಪ್ಸನ್ ಎಂಬವರು ಎರಡು ಚಿಕಿತ್ಸೆಗಳಲ್ಲಿ ಯಾವುದು ಮೇಲು ಎಂದು ಪೂರ್ತಿ ತಿಳಿಯುವ ಮೊದಲೇ ರೋಗಿಗಳಿಗೆ ಯಾವುದನ್ನು ಕೊಡಬೇಕೆಂಬ ಪ್ರಶ್ನೆಗೆ ಒಂದು ಉತ್ತರ ಸೂಚಿಸಿದರು. ಒಂದು ಚಿಕಿತ್ಸೆಯೇ ಮೇಲು ಎಂಬ ನಂಬಿಕೆ ನೂರಕ್ಕೆ 80ರಷ್ಟಿದ್ದರೆ, ನೂರಕ್ಕೆ 80 ಸಲ ಅದನ್ನು ಕೊಡು, ಉಳಿದ 20 ಸಲ ಇನ್ನೊಂದನ್ನು. ನಂಬಿಕೆ ಬೆಳೆದಂತೆ ಪಾಲು ತಾನೇ ಬದಲಾಗುತ್ತದೆ. ಕೆಲಸ ಹಂಚುವವರು ಇವತ್ತು ಈ ಉಪಾಯವನ್ನು ಎರವಲು ಪಡೆದಿದ್ದಾರೆ. ಕೆಟ್ಟ ಅಂಕ ಬಂದವರ ಬಾಗಿಲನ್ನೂ ಇದು ಪೂರ್ತಿ ಮುಚ್ಚುವುದಿಲ್ಲ, ಅಲ್ಲೊಂದು ಇಲ್ಲೊಂದು ತುಣುಕು ಬರುತ್ತಲೇ ಇರುತ್ತದೆ. ನನಗೆ ಹಾಗೆ ಬಂದಿದ್ದರೆ ಎಂದು ಅನ್ನಿಸದೆ ಇಲ್ಲ.

ಇಷ್ಟು ಹೊತ್ತೂ ಕೆಲಸ ಇದ್ದ ಹಾಗೇ ಇರುತ್ತದೆ, ಜನರನ್ನು ಹುಡುಕಬೇಕು ಎಂಬಂತೆ ಮಾತಾಡಿದೆ. ಜನಕ್ಕೆ ತಕ್ಕಂತೆ ಕೆಲಸವನ್ನೇ ತಿರುಗಿಸಬಹುದು. ಧ್ವನಿಯನ್ನು ಬರಹಕ್ಕೆ ಇಳಿಸುವ ಕೆಲಸಕ್ಕೆ ಟೈಪಿಂಗ್ ಬರಬೇಕು ಎಂದು ನಾವೆಲ್ಲ ತಿಳಿದಿದ್ದೆವು. ಸಂಶೋಧಕ ಆದಿತ್ಯ ವಶಿಷ್ಠ ಮತ್ತು ಜೊತೆಗಾರರು ಅದನ್ನು ಬೇರೆ ರೀತಿ ನೋಡಿದರು. ತುಣುಕನ್ನು ಕೇಳು, ನಿಶ್ಶಬ್ದದ ಜಾಗದಲ್ಲಿ ಕೂತು ಅದೇ ಮಾತನ್ನು ಸ್ಪಷ್ಟವಾಗಿ ಫೋನಿಗೆ ಮತ್ತೆ ಹೇಳು, ಬರಹಕ್ಕೆ ಇಳಿಸುವುದನ್ನು ಯಂತ್ರಕ್ಕೆ ಬಿಡು. ಗದ್ದಲದಲ್ಲಿ ಆಡಿದ ಮಾತನ್ನು ಯಂತ್ರ ಹಿಡಿಯಲಾರದು, ಮನುಷ್ಯ ಹಿಡಿಯಬಲ್ಲ. ಶಾಂತವಾಗಿ ಬಿಡಿಸಿ ಹೇಳಿದ್ದನ್ನು ಯಂತ್ರ ಹಿಡಿಯಬಲ್ಲದು. ಹಲವರು ಹೇಳಿದ್ದನ್ನು ಒಟ್ಟಿಗೆ ತಾಳೆ ನೋಡಿದರೆ ತಪ್ಪುಗಳು ಕಳೆಯುತ್ತವೆ.

ಇದನ್ನೇ ಮುಂದುವರಿಸಿ ಅಂಧರಿಗಾಗಿ ‘ಬಿಸ್ಪೀಕ್’ ಎಂಬ ಆ್ಯಪ್ ಮಾಡಿದರು. 2018ರಲ್ಲಿ ಪ್ರಕಟವಾದ ವಿವರದ ಪ್ರಕಾರ, ಭಾರತದ 24 ಬಡ ಅಂಧ ಕೆಲಸಗಾರರು ಎರಡು ವಾರದಲ್ಲಿ 16 ಸಾವಿರಕ್ಕೂ ಮಿಕ್ಕಿ ತುಣುಕುಗಳನ್ನು ಮಾಡಿದರು, ಬರಹದ ನಿಖರತೆ ನೂರಕ್ಕೆ 87. ಎಲ್ಲರೂ ಸೇರಿ ಗಳಿಸಿದ್ದು 7,310 ರೂಪಾಯಿ. ಇದೇ ಸಂಶೋಧಕರು ಮೆಕ್ಯಾನಿಕಲ್ ಟರ್ಕ್ ಅಂಧರಿಗೆ ಎಷ್ಟು ಎಟುಕುತ್ತದೆ ಎಂದೂ ನೋಡಿದ್ದರು, ಹೆಜ್ಜೆಹೆಜ್ಜೆಗೂ ತಡೆಗಳಿದ್ದವು. ಪರದೆಯನ್ನು ಓದಿ ಹೇಳುವ ತಂತ್ರಾಂಶವನ್ನು ದಿನವಿಡೀ ಕೇಳುವ ಅಂಧರ ಕಿವಿ ಎಷ್ಟು ಪಳಗಿರುತ್ತದೆ ಎಂಬುದನ್ನು ಅವರ ಪಕ್ಕ ಕೂತು ನೋಡಿದವರು ಬಲ್ಲರು. ನಮಗೆ ಬರೀ ಗುಜುಗುಜು ಎನಿಸುವ ವೇಗದಲ್ಲಿ ಅವರು ವಾಕ್ಯವನ್ನು ಹಿಡಿಯುತ್ತಾರೆ. ಕಣ್ಣಿನ ಕೆಲಸದ ಸಂತೆಯಲ್ಲಿ ಕೈಲಾಗದವರೆಂದು ಲೆಕ್ಕಕ್ಕಿದ್ದ ಇವರಿಗೆ ಕಿವಿಯ ಕೆಲಸ ಬಂದಾಗ ಬದಲಾದದ್ದು ಕೆಲಸದ ಆಕಾರ, ಮನುಷ್ಯರಲ್ಲ.

ನನ್ನದೇ ಇನ್ನೊಂದು ತುಣುಕನ್ನು ಹೇಳದೆ ಬಿಡುವುದು ಪ್ರಾಮಾಣಿಕವಾಗದು. ‘ಬಾನ’ ಬಂದ ವಾರವೇ ಕುಂದಾಪುರದ ಕಡೆಯ ಒಂದು ಮಾತು ಬಂದಿತ್ತು. ಮೂರು ಸಲ ಕೇಳಿದೆ, ಒಂದು ಪದ ಬಿಡಿಸಲಾಗಲಿಲ್ಲ. ಹಿಂದುಮುಂದಿನ ಮಾತು ನೋಡಿ ‘ಹಬ್ಬ’ ಇರಬೇಕೆಂದು ಬರೆದೆ. ಹಸಿರು ಗುರುತು ಬಂತು. ಎಷ್ಟೋ ದಿನದ ಮೇಲೆ ಕುಂದಾಪುರದ ಗೆಳತಿಯೊಬ್ಬರ ಮುಂದೆ ಆ ವಾಕ್ಯವನ್ನು ನೆನಪಿದ್ದಷ್ಟು ಹೇಳಿದೆ. ಅವರು ಕೇಳುತ್ತಿದ್ದ ಹಾಗೇ ಅಂದರು: ‘ಹಬ್ಬ ಅಲ್ಲ ಮಾರಾಯ್ರೆ, ಅಬ್ಬಿ. ನಮ್ಮ ಕಡೆ ಅಮ್ಮನಿಗೆ ಅಬ್ಬಿ ಅಂತ್ರು.’ ಅಲ್ಲಿಯೂ ಒಬ್ಬ ತಾಯಿಯೇ ಇದ್ದಳು. ಆ ಬಹುಮತದಲ್ಲಿ ನಾನಿದ್ದೆ. ನನ್ನ ಹಾಗೆ ಇನ್ನೊಬ್ಬರು ಹಬ್ಬ ಎಂದು ಬರೆದಿರಬೇಕು, ಸರಿಯಾಗಿ ಕೇಳಿದ ಯಾರೋ ಒಬ್ಬರಿಗೆ ಕೆಂಪು ಗುರುತು ಹೋಗಿರಬೇಕು. ಗೊತ್ತಾಗದಿದ್ದರೆ ಬೇರೆಯವರಿಗೆ ಕಳಿಸಿ ಎನ್ನುವ ಗುಂಡಿ ಆ ಆ್ಯಪಿನಲ್ಲಿ ಇರಲಿಲ್ಲ. ಉತ್ತರ ಬರೆಯದೆ ಮುಂದಿನ ತುಣುಕು ತೆರೆಯುತ್ತಿರಲಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ ನಡೆಸುತ್ತಿರುವ ‘ವಾಣಿ’ ಯೋಜನೆಯಲ್ಲಿ ದೇಶದ ಮಾತನ್ನು ಸಂಗ್ರಹಿಸಲು ಭಾಷೆಗಳ ಪಟ್ಟಿಯಿಂದ ಹೊರಡದೆ ಜಿಲ್ಲೆಗಳಿಂದ ಹೊರಟಿದ್ದಾರೆ: 773 ಜಿಲ್ಲೆ, ಒಂದೂವರೆ ಲಕ್ಷ ಗಂಟೆಗಳ ಮಾತು ಎಂಬ ಗುರಿ. ಜನಕ್ಕೆ ಚಿತ್ರ ತೋರಿಸಿ, ಅದರ ಬಗ್ಗೆ ತಮ್ಮ ಮಾತಿನಲ್ಲಿ ಹೇಳಿ ಎನ್ನುತ್ತಾರೆ. ಆ ಸುದ್ದಿ ಓದಿದ ದಿನ ಹಳೆಯ ಇಮೇಲ್ ತೆರೆದು, ನಾನು ಕೆಲಸಕ್ಕೆ ಸೇರುವಾಗ ತುಂಬಿದ್ದ ಅರ್ಜಿಯ ಪ್ರತಿಯನ್ನು ನೋಡಿದೆ. ಹೆಸರು, ವಯಸ್ಸು, ಓದು, ಬ್ಯಾಂಕ್ ಖಾತೆಯ ಸಂಖ್ಯೆ, ಫೋನ್ ಯಾವುದು, ದಿನಕ್ಕೆ ಎಷ್ಟು ಗಂಟೆ ಬಿಡುವಿದೆ ಎಂದೆಲ್ಲ ಕೇಳಿದ್ದರು. ಬಸ್ಸಿನಲ್ಲಿ ಪಕ್ಕ ಕೂತವರು ಕೂಡ ಮೊದಲು ಕೇಳುವ ‘ಯಾವ ಊರು ನಿಮ್ಮದು?’ ಎಂಬ ಪ್ರಶ್ನೆ ಅದರಲ್ಲಿ ಇರಲಿಲ್ಲ.